ಮಾಡ್ಯುಲರ್ ಕಿಚನ್ ಯಾರ ಕೈಗೆ ಕೊಡಬೇಕು? ಅಡ್ವಾನ್ಸ್ ಕೊಡುವ ಮುನ್ನ ನೋಡಬೇಕಾದ್ದು

ಶೋರೂಮಿನಲ್ಲಿ ಎಲ್ಲ ಕಿಚನ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ಮೇಲಿಂದ ಬೆಳಕು, ಹೊಳೆಯುವ ಬಾಗಿಲು, ಸ್ವಲ್ಪ ತಳ್ಳಿದರೆ ತಾನೇ ಮುಚ್ಚಿಕೊಳ್ಳುವ ಡ್ರಾಯರ್. ಆದರೆ ಅಲ್ಲಿ ಯಾರೂ ಒಂದು ದಿನವೂ ಅಡುಗೆ ಮಾಡಿಲ್ಲ. ಸಿಂಕ್ ಕೆಳಗೆ ನೀರು ಸೋರಿಲ್ಲ, ಒಲೆಯ ಬಿಸಿ ಬಾಗಿಲಿಗೆ ತಾಗಿಲ್ಲ. ಹಾಗಾಗಿ ಚೆಂದ ನೋಡಿ ಸಪ್ಲೈಯರ್ ಯಾರೆಂದು ತೀರ್ಮಾನಿಸುವುದು ಆಗದ ಮಾತು.

ನಾನು ನೋಡುವುದು ಒಂದೇ ವಿಷಯ. ಕಣ್ಣಿಗೆ ಬೀಳದ ಭಾಗಗಳ ಬಗ್ಗೆ ಎದುರಿಗಿರುವವರು ಎಷ್ಟು ಬಿಡಿಸಿ ಮಾತಾಡುತ್ತಾರೆ? ಬಾಗಿಲಿನ ಬಣ್ಣದ ಬಗ್ಗೆ ಅರ್ಧ ಗಂಟೆ ಹೇಳುವವರು, "ಕ್ಯಾಬಿನೆಟ್‌ನ ಬೆನ್ನಿನ ಹಲಗೆ ಎಷ್ಟು ದಪ್ಪ?" ಅಂದ ಕೂಡಲೇ "ಅದೆಲ್ಲ ನಾವು ನೋಡ್ಕೋತೀವಿ ಬಿಡಿ" ಅಂದರೆ, ನಾನಾದರೆ ಅಲ್ಲಿಂದ ಎದ್ದು ಬರುತ್ತೇನೆ. ಮುಂದೆ ಹೇಳುವ ಹಂತಗಳೆಲ್ಲ ಈ ಒಂದು ಪರೀಕ್ಷೆಯ ಬೇರೆ ಬೇರೆ ರೂಪಗಳೇ.

ಹಂತ 1: ಮೊದಲು ನಿಮ್ಮ ಪಟ್ಟಿ

ಪಟ್ಟಿ ಇಲ್ಲದೆ ಶೋರೂಮಿಗೆ ಹೋದರೆ ಅವರ ಪಟ್ಟಿಯೇ ನಿಮ್ಮ ಪಟ್ಟಿಯಾಗುತ್ತದೆ. ಮನೆಯಲ್ಲೇ ಕೂತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಅಡುಗೆಮನೆಯ ಉದ್ದ, ಅಗಲ, ಎತ್ತರ ಬರೆಯಿರಿ. ಕಿಟಕಿ, ಬಾಗಿಲು, ಕಂಬ, ನೀರಿನ ಪೈಪು, ಡ್ರೈನ್, ಸ್ವಿಚ್ ಬೋರ್ಡ್ ಎಲ್ಲಿವೆ ಎಂದು ಗುರುತು ಹಾಕಿ. ಅಚ್ಚುಕಟ್ಟಾದ ನಕ್ಷೆ ಬೇಕಿಲ್ಲ, ಕೈಯಲ್ಲಿ ಗೀಚಿದ ಚಿತ್ರ ಸಾಕು. ಆಮೇಲೆ ಒಳಗೆ ಬರುವ ಯಂತ್ರಗಳು: ಫ್ರಿಜ್, ಒಲೆ, ಚಿಮಣಿ, ಓವನ್, ಡಿಶ್‌ವಾಶರ್. ಇವುಗಳ ಮಾಡೆಲ್ ನಂಬರ್ ಮೊದಲೇ ತಿಳಿದಿದ್ದರೆ ಎಷ್ಟೋ ಜಗಳ ತಪ್ಪುತ್ತದೆ. ಡಿಶ್‌ವಾಶರ್‌ಗಳು ಸಾಮಾನ್ಯವಾಗಿ 600 ಅಥವಾ 450 ಮಿ.ಮೀ. ಅಗಲ ಇರುತ್ತವೆ. ಕ್ಯಾಬಿನೆಟ್ ಆದ ಮೇಲೆ ಮನಸ್ಸು ಬದಲಾಯಿಸಿದರೆ ಪಕ್ಕದ ಎರಡು ಬಾಕ್ಸ್‌ಗಳನ್ನಾದರೂ (ಬಾಗಿಲು ಬಿಟ್ಟು ಉಳಿದ ಕ್ಯಾಬಿನೆಟ್‌ನ ಗೂಡು) ಮತ್ತೆ ಮಾಡಿಸಬೇಕಾಗುತ್ತದೆ.

ಕಟ್ಟೆಯ ಎತ್ತರವನ್ನು ಜಾಸ್ತಿ ಜನ ಸಪ್ಲೈಯರ್‌ಗೇ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಸಾಮಾನ್ಯ ಅಳತೆ 850ರಿಂದ 900 ಮಿ.ಮೀ. ಆದರೆ ನೋಡಬೇಕಾದ್ದು ಹೆಚ್ಚು ಹೊತ್ತು ಅಡುಗೆ ಮಾಡುವವರ ಮೊಣಕೈಯನ್ನು. ನೇರವಾಗಿ ನಿಂತು ಕೈ ಮಡಚಿದಾಗ ಮೊಣಕೈಯಿಂದ 100-150 ಮಿ.ಮೀ. ಕೆಳಗೆ ಕಟ್ಟೆ ಬಂದರೆ ಹೆಚ್ಚಿನವರಿಗೆ ಬೆನ್ನು ನೋಯುವುದಿಲ್ಲ. ಈ ಮಾತು ತೆಗೆದಾಗ "ನಮ್ಮಲ್ಲಿ ಒಂದೇ ಎತ್ತರ ಬರೋದು" ಅಂದರೆ, ಕೆಳಗಿನ ಕಾಲುಗಳನ್ನು ಎತ್ತರಿಸಬಹುದಾ ಎಂದು ಕೇಳಿ. ಕ್ಯಾಬಿನೆಟ್ ಕಾಲುಗಳನ್ನು ತಿರುಗಿಸಿ ಏರಿಸಬಹುದು, ಇಳಿಸಬಹುದು. ಗೊತ್ತಿದ್ದವರು ತಕ್ಷಣ ಹೌದು ಅನ್ನುತ್ತಾರೆ.

ಕೊನೆಗೆ, ಏನೇನು ಎಲ್ಲಿಡುತ್ತೀರಿ ಅನ್ನುವುದು. ದೊಡ್ಡ ಪಾತ್ರೆ ಎಷ್ಟು, ಡಬ್ಬಿ ಎಷ್ಟು, ದಿನಾ ಬೇಕಾದ್ದು ಯಾವುದು, ವರ್ಷಕ್ಕೊಮ್ಮೆ ತೆಗೆಯುವುದು ಯಾವುದು. ಇದರಿಂದ ಡ್ರಾಯರ್ ಎಷ್ಟು ಬೇಕು ಎಂದು ಗೊತ್ತಾಗುತ್ತದೆ. ಖರ್ಚು ಏರುವುದು ಇಳಿಯುವುದು ಬಹುಪಾಲು ಇಲ್ಲೇ.

ಹಂತ 2: ಯಾವ ಬಗೆಯ ಸಪ್ಲೈಯರ್?

ದೊಡ್ಡ ಕಂಪನಿಗಳಿಗೆ ಸ್ವಂತ ಕಾರ್ಖಾನೆ, ಯಂತ್ರಗಳು, ಲಿಖಿತ ವಾರಂಟಿ ಇರುತ್ತವೆ. ಅಂಚುಗಳು ಅಚ್ಚುಕಟ್ಟಾಗಿ ಬರುತ್ತವೆ. ಆದರೆ ಅವರ ಅಳತೆಗಳು ಹೆಚ್ಚಾಗಿ ನಿಗದಿಯಾಗಿರುತ್ತವೆ: 300, 450, 600, 900 ಹೀಗೆ. ನಿಮ್ಮ ಗೋಡೆ ಆ ಲೆಕ್ಕಕ್ಕೆ ಬರದಿದ್ದರೆ ಉಳಿದ ಜಾಗಕ್ಕೆ ಫಿಲ್ಲರ್ ಪಟ್ಟಿ ಹಾಕಿ ಮುಚ್ಚುತ್ತಾರೆ. ಇನ್ನೊಂದು ವಿಷಯ, ಬೋರ್ಡಿನಲ್ಲಿ ಹೆಸರು ಕಂಪನಿಯದ್ದಾದರೂ ಅಂಗಡಿ ನಡೆಸುವವರು, ಫಿಟ್ಟಿಂಗ್ ಮಾಡುವವರು ಬೇರೆಯವರಿರಬಹುದು. ತೊಂದರೆಯಾದಾಗ ಜವಾಬ್ದಾರಿ ಯಾರದ್ದು ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಸಣ್ಣ ವರ್ಕ್‌ಶಾಪ್‌ಗಳು ನನಗೆ ಇಷ್ಟ. ಹಲಗೆ ಕತ್ತರಿಸುವ ಪ್ಯಾನೆಲ್ ಸಾ ಮತ್ತು ಅಂಚಿಗೆ ಪಟ್ಟಿ ಅಂಟಿಸುವ ಎಡ್ಜ್ ಬ್ಯಾಂಡಿಂಗ್ ಯಂತ್ರ ಇರುವ ಒಳ್ಳೆಯ ವರ್ಕ್‌ಶಾಪ್ ನಿಮ್ಮ ಗೋಡೆಗೆ ಸರಿಯಾದ ಅಳತೆಯಲ್ಲೇ ಬಾಕ್ಸ್ ಮಾಡಿಕೊಡುತ್ತದೆ. ಮಾಲೀಕರ ಜೊತೆಯೇ ನೇರ ಮಾತು. ತೊಂದರೆ ಏನೆಂದರೆ, ಕೆಲಸದ ಗುಣಮಟ್ಟ ಒಂದಿಬ್ಬರು ಕೆಲಸಗಾರರ ಮೇಲೆ ನಿಂತಿರುತ್ತದೆ. ಅವರು ಬಿಟ್ಟು ಹೋದರೆ ಕೆಲಸ ಹಾಳು.

ಮನೆಗೇ ಬಂದು ಮಾಡುವ ಬಡಗಿಯವರದ್ದು ಮೂರನೆಯ ದಾರಿ. ವಿಚಿತ್ರ ಆಕಾರದ ಜಾಗಕ್ಕೆ ಇವರಷ್ಟು ಚೆನ್ನಾಗಿ ಯಾರೂ ಹೊಂದಿಸುವುದಿಲ್ಲ. ಆದರೆ ಅಂಚಿನ ಪಟ್ಟಿಯನ್ನು ಕೈಯಲ್ಲಿ ಅಂಟಿಸಿದರೆ ಯಂತ್ರದಲ್ಲಿ ಬಿಸಿ ಅಂಟು ಹಾಕಿ ಒತ್ತಿದಷ್ಟು ಗಟ್ಟಿಯಾಗುವುದಿಲ್ಲ. ನೀರು ತಾಗುವ ಜಾಗದಲ್ಲಿ ಈ ವ್ಯತ್ಯಾಸ ಕೆಲವೇ ವರ್ಷಗಳಲ್ಲಿ ಕಾಣುತ್ತದೆ. ಒಂದು ಉಪಾಯ ಇದೆ: ಹಲಗೆಗಳನ್ನು ವರ್ಕ್‌ಶಾಪಿನಲ್ಲಿ ಕತ್ತರಿಸಿ ಅಂಚು ಅಂಟಿಸಿ ತರಿಸಿ, ಜೋಡಿಸುವ ಕೆಲಸ ಮಾತ್ರ ಬಡಗಿಗೆ ಕೊಡುವುದು.

ನಾಲ್ಕನೆಯವರು ಮಧ್ಯವರ್ತಿಗಳು. ಚೆಂದದ ತ್ರೀಡಿ ಚಿತ್ರ ತೋರಿಸಿ, ಆರ್ಡರ್ ಹಿಡಿದು, ಕೆಲಸವನ್ನು ಬೇರೆಯವರಿಗೆ ಕೊಡುವವರು. ಎಲ್ಲರೂ ಕೆಟ್ಟವರಲ್ಲ. ಕೆಲಸ ನಡೆಯುವ ಕಾರ್ಖಾನೆಯನ್ನು ತೋರಿಸುವವರಾದರೆ ಸರಿ. ತೋರಿಸದಿದ್ದರೆ ನೀವು ದುಡ್ಡು ಕೊಡುತ್ತಿರುವುದು ಚಿತ್ರಕ್ಕೆ.

ಹಂತ 3: ಮೂವರಿಗೂ ಒಂದೇ ಪಟ್ಟಿ ಕೊಟ್ಟು ಕೊಟೇಶನ್ ಕೇಳಿ

ಮೂರು ಕಡೆ ಕೇಳಿದರೆ ಸಾಕು. ಹತ್ತು ಕಡೆ ಕೇಳಿದರೆ ತಲೆ ಕೆಡುತ್ತದೆ, ಅಷ್ಟೇ. ಆದರೆ ಮೂವರಿಗೂ ಅದೇ ಹಾಳೆ, ಅದೇ ಪ್ರಶ್ನೆಗಳು ಹೋಗಬೇಕು. ಇಲ್ಲದಿದ್ದರೆ ಒಬ್ಬರು ಪ್ಲೈವುಡ್‌ಗೆ, ಇನ್ನೊಬ್ಬರು ಪಾರ್ಟಿಕಲ್ ಬೋರ್ಡ್‌ಗೆ (ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ ಹಲಗೆ) ರೇಟ್ ಹೇಳಿರುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ಅಗ್ಗ ಎಂದು ನೋಡುವುದರಲ್ಲಿ ಅರ್ಥವಿಲ್ಲ.

ಚದರ ಅಡಿಗೆ ಇಷ್ಟು, ರನ್ನಿಂಗ್ ಫೀಟ್‌ಗೆ ಇಷ್ಟು ಎಂಬ ಲೆಕ್ಕ ಕೇಳಲು ಸುಲಭ, ಮೋಸ ಹೋಗಲೂ ಸುಲಭ. ಒಂದೇ ಅಳತೆಯ ಜಾಗದಲ್ಲಿ ಒಂದು ಬಾಗಿಲು ಮತ್ತು ಒಂದು ಶೆಲ್ಫ್ ಇಡಬಹುದು. ಅಥವಾ ಮೂರು ಡ್ರಾಯರ್ ಇಡಬಹುದು. ಮುಂಭಾಗದ ಚದರ ಅಡಿ ಎರಡರಲ್ಲೂ ಒಂದೇ, ಖರ್ಚು ಮಾತ್ರ ತೀರಾ ಬೇರೆ. ಅದಕ್ಕೆ ಪ್ರತಿ ಬಾಕ್ಸ್‌ಗೂ ಬೇರೆ ಸಾಲು ಇರುವ ಕೊಟೇಶನ್ ಕೇಳಿ. ಅದರಲ್ಲಿ ಈ ವಿವರಗಳು ಇರಬೇಕು:

- ಬಾಕ್ಸ್‌ನ ಹಲಗೆ: ಯಾವ ವಸ್ತು, ಯಾವ ದರ್ಜೆ, ಎಷ್ಟು ದಪ್ಪ. ಬೆನ್ನಿನ ಹಲಗೆಯದ್ದು ಬೇರೆಯಾಗಿ.
- ಬಾಗಿಲು: ಒಳಗಿನ ಹಲಗೆ, ಮೇಲಿನ ಫಿನಿಶ್, ಕಂಪನಿಯ ಹೆಸರು, ಬಣ್ಣದ ಕೋಡ್.
- ಹಿಂಜ್ (ಬಾಗಿಲಿನ ಕೀಲು) ಮತ್ತು ಡ್ರಾಯರ್ ಚಾನೆಲ್ (ಡ್ರಾಯರ್ ಜಾರುವ ಹಳಿ): ಕಂಪನಿ, ಮಾಡೆಲ್, ಎಷ್ಟು ಕೆ.ಜಿ. ತಡೆಯುತ್ತದೆ.
- ಕಟ್ಟೆಯ ಕಲ್ಲು, ಸಿಂಕ್, ನಲ್ಲಿ, ಸಿಂಕ್ ಮತ್ತು ಒಲೆಗೆ ಕಲ್ಲು ಕತ್ತರಿಸುವ ಕೂಲಿ.
- ಸೈಡ್ ಪ್ಯಾನೆಲ್, ಫಿಲ್ಲರ್, ಸ್ಕರ್ಟಿಂಗ್ (ಕ್ಯಾಬಿನೆಟ್ ಕಾಲು ಮುಚ್ಚುವ ಪಟ್ಟಿ), ಕ್ಯಾಬಿನೆಟ್ ಕೆಳಗಿನ ಲೈಟು.
- ಹಳೆಯದ್ದನ್ನು ಕಿತ್ತು ಸಾಗಿಸುವುದು, ಹೊಸದನ್ನು ತರುವುದು, ಫಿಟ್ಟಿಂಗ್, ತೆರಿಗೆ.

ಕೊಟೇಶನ್‌ನಲ್ಲಿ ಇಲ್ಲದ್ದೆಲ್ಲ ಆಮೇಲೆ "ಎಕ್ಸ್‌ಟ್ರಾ" ಎಂದು ಬರುತ್ತದೆ. ಕೊನೆಯ ಎರಡು ಸಾಲುಗಳಲ್ಲಿರುವ ಸಣ್ಣ ಪುಟ್ಟವೇ ಸೇರಿ ದೊಡ್ಡ ಮೊತ್ತವಾಗುವುದು. "ಇಂಪೋರ್ಟೆಡ್ ಹಾರ್ಡ್‌ವೇರ್" ಎಂಬ ಎರಡು ಪದ ವಿವರ ಅಲ್ಲ. ಹಿಂಜ್ ಮಾಡುವ ಕಂಪನಿಗಳಲ್ಲಿ ಬ್ಲಮ್ ಆಸ್ಟ್ರಿಯಾದ್ದು, ಹೆಟ್ಟಿಕ್ ಜರ್ಮನಿಯದ್ದು. ಇಂಥ ಕಂಪನಿಗಳು ತಮ್ಮ ಹಿಂಜ್ ಮೇಲೆ ಹೆಸರನ್ನು ಅಚ್ಚು ಹಾಕಿರುತ್ತವೆ. ಅದೇ ಕಂಪನಿಯೊಳಗೂ ಅಗ್ಗದ ಸರಣಿ, ದುಬಾರಿ ಸರಣಿ ಇರುತ್ತವೆ. ಹಾಗಾಗಿ ಮಾಡೆಲ್ ಹೆಸರೂ ಬೇಕು.

ಹಂತ 4: ಹಲಗೆಯ ಮಾತು

ಸ್ವಲ್ಪ ಹೊತ್ತು ಇಲ್ಲಿ ನಿಲ್ಲೋಣ. ಕಿಚನ್ ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಮುಖ್ಯವಾಗಿ ಹಲಗೆ ಮತ್ತು ಅದರ ಅಂಚಿನ ಮೇಲೆ ನಿಂತಿದೆ.

"ಪಾರ್ಟಿಕಲ್ ಬೋರ್ಡ್ ಅಂದ್ರೆ ಹೊಟ್ಟು, ಪ್ಲೈವುಡ್ ಅಂದ್ರೆ ಗಟ್ಟಿ" ಎಂಬ ಮಾತು ಪೂರ್ತಿ ನಿಜವಲ್ಲ. ಯೂರೋಪಿನಲ್ಲಿ ಬಹುಪಾಲು ಅಡುಗೆಮನೆಗಳ ಬಾಕ್ಸ್ ಪಾರ್ಟಿಕಲ್ ಬೋರ್ಡಿನದ್ದೇ. ಎಲ್ಲ ಅಂಚುಗಳೂ ಸರಿಯಾಗಿ ಮುಚ್ಚಿದ್ದರೆ ಅದೂ ಹಲವು ವರ್ಷ ಬಾಳುತ್ತದೆ. ಆದರೆ ಒಳಗೆ ನೀರು ಹೋದರೆ ಉಬ್ಬುತ್ತದೆ. ಉಬ್ಬಿದ್ದು ಒಣಗಿದರೂ ಮೊದಲಿನಂತೆ ಆಗುವುದಿಲ್ಲ. ತೇವ ತಡೆಯುವ ಬಗೆಯ ಬೋರ್ಡಿನ ಒಳಗೆ ಹೆಚ್ಚಾಗಿ ಹಸಿರು ಬಣ್ಣ ಬೆರೆಸಿರುತ್ತಾರೆ. ಆದರೆ ಹಸಿರಿದ್ದ ಮಾತ್ರಕ್ಕೆ ನಂಬಬೇಡಿ, ಅದು ಬರೀ ಬಣ್ಣ. ಬೋರ್ಡಿನ ಮೇಲೆ ಅಚ್ಚಾದ ದರ್ಜೆಯನ್ನು ಓದಿ.

ಪ್ಲೈವುಡ್ ಸ್ಕ್ರೂವನ್ನು ಚೆನ್ನಾಗಿ ಹಿಡಿಯುತ್ತದೆ, ಅದರಲ್ಲೂ ಅಂಚಿನ ಬಳಿ. ಇಲ್ಲಿ ಕೇಳಬೇಕಾದ್ದು ಅಂಟಿನ ಬಗ್ಗೆ. ಬರೀ ತೇವ ತಡೆಯುವ ದರ್ಜೆ ಒಂದು, ಕುದಿಯುವ ನೀರಿನಲ್ಲೂ ಪದರ ಬಿಡದ ದರ್ಜೆ ಇನ್ನೊಂದು. ಸಿಂಕ್ ಕೆಳಗಿನ ಬಾಕ್ಸ್‌ಗೆ ಎರಡನೆಯದೇ ಬೇಕು. ಉಳಿದ ಕಡೆ ಬಜೆಟ್ ನೋಡಿ ಹೊಂದಿಸಿಕೊಳ್ಳಬಹುದು. ಎಲ್ಲ ಬಾಕ್ಸ್‌ಗೂ ಒಂದೇ ಹಲಗೆ ಇರಲೇಬೇಕು ಎಂದೇನಿಲ್ಲ. ಹೀಗೆ ಬೆರೆಸಿ ಮಾಡಲು ಒಪ್ಪುವ ಸಪ್ಲೈಯರ್‌ಗೆ ಕೆಲಸ ಗೊತ್ತಿದೆ ಎಂದು ಅಂದುಕೊಳ್ಳಬಹುದು.

ಬಾಕ್ಸ್ ಹಲಗೆ 16 ಅಥವಾ 18 ಮಿ.ಮೀ. ದಪ್ಪ ಇರುತ್ತದೆ. ಸಪ್ಲೈಯರ್‌ಗಳು ದುಡ್ಡು ಉಳಿಸುವ ಜಾಗ ಬೆನ್ನಿನ ಹಲಗೆ. ಅಲ್ಲಿ 3 ಮಿ.ಮೀ. ಹಾರ್ಡ್‌ಬೋರ್ಡ್ ತೂರಿಸಿ ಕೈ ತೊಳೆದುಕೊಳ್ಳುವವರು ಇದ್ದಾರೆ. ಗೋಡೆಗೆ ನೇತು ಹಾಕುವ ಮೇಲಿನ ಕ್ಯಾಬಿನೆಟ್‌ಗೆ ಅಷ್ಟು ತೆಳು ಹಲಗೆ ಹಾಕಿದರೆ, ಭಾರ ಹೊರುವ ಬ್ರಾಕೆಟ್ ಎಲ್ಲಿದೆ, ಯಾವುದಕ್ಕೆ ಕಚ್ಚಿಕೊಂಡಿದೆ ಎಂದು ಕೇಳಲೇಬೇಕು.

ಅಂಚಿನ ಪಟ್ಟಿ ಬಾಗಿಲಿಗೆ 1ರಿಂದ 2 ಮಿ.ಮೀ. ಇದ್ದರೆ ಏಟು ತಡೆಯುತ್ತದೆ. ಯಾವ ಅಂಟು ಬಳಸುತ್ತೀರಿ ಎಂದೂ ಕೇಳಿ. ಪಿಯುಆರ್ ಅಂಟು ನೀರು ಮತ್ತು ಬಿಸಿಯನ್ನು ಸಾಮಾನ್ಯ ಇವಿಎ ಅಂಟಿಗಿಂತ ಚೆನ್ನಾಗಿ ತಡೆಯುತ್ತದೆ. ಈ ಪ್ರಶ್ನೆಗೆ ಮಾರಾಟದವರು ತಬ್ಬಿಬ್ಬಾದರೆ ತಪ್ಪೇನಿಲ್ಲ. "ಕಾರ್ಖಾನೆಯಲ್ಲಿ ಕೇಳಿ ಹೇಳ್ತೀನಿ" ಅಂದು ನಿಜಕ್ಕೂ ಹೇಳಿದರೆ ಅದೇ ಒಳ್ಳೆಯ ಗುರುತು.

ಬಾಗಿಲಿನ ಮೇಲ್ಮೈಯಲ್ಲಿ ಲ್ಯಾಮಿನೇಟ್ ಗಟ್ಟಿಮುಟ್ಟು, ಗೀರು ಸುಲಭಕ್ಕೆ ಬೀಳುವುದಿಲ್ಲ. ಹೊಳೆಯುವ ಅಕ್ರಿಲಿಕ್ ಮೇಲೆ ಬೆರಳಚ್ಚು, ಸಣ್ಣ ಗೀರು ಎದ್ದು ಕಾಣುತ್ತವೆ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಮೇಲೆ ಪಿವಿಸಿ ಹಾಳೆ ಎಳೆದು ಅಂಟಿಸಿದ ಮೆಂಬ್ರೇನ್ ಬಾಗಿಲು ನೋಡಲು ಚೆಂದ. ಆದರೆ ಓವನ್, ಒಲೆಯ ಪಕ್ಕ ಬಿಸಿಗೆ ಹಾಳೆ ಬಿಟ್ಟುಕೊಳ್ಳಬಹುದು. ಅಲ್ಲಿ ಶಾಖ ತಡೆಯುವ ಪಟ್ಟಿ ಹಾಕುತ್ತೀರಾ ಎಂದು ಕೇಳಿ.

ವಾಸನೆಯನ್ನೂ ಗಮನಿಸಿ. ಡ್ರಾಯರ್ ತೆಗೆದಾಗ ಕಣ್ಣು ಚುರುಗುಟ್ಟುವ ಘಾಟು ಬಂದರೆ ಅದು ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ವರ್ಗೀಕರಿಸಿತು. ಹಲಗೆ ಕನಿಷ್ಠ ಇ1 ದರ್ಜೆಯದ್ದಾಗಿರಲಿ (ಫಾರ್ಮಾಲ್ಡಿಹೈಡ್ ಕಡಿಮೆ ಬಿಡುವ ದರ್ಜೆ), ಮತ್ತು ಅದು ಕೊಟೇಶನ್‌ನಲ್ಲೇ ಬರಲಿ.

ಹಂತ 5: ಶೋರೂಮಿನಲ್ಲಿ ಕೈ ಹಾಕಿ ನೋಡಿ

ಮೊದಲ ಪ್ರಶ್ನೆ: "ಇಲ್ಲಿ ಇಟ್ಟಿರೋದೇ ನನ್ನ ಕೊಟೇಶನ್‌ನಲ್ಲಿ ಇದೆಯಾ?" ಶೋರೂಮಿನಲ್ಲಿ ಹೆಚ್ಚಾಗಿ ಮೇಲಿನ ಸರಣಿಯ ಮಾಲೇ ಇರುತ್ತದೆ. ನೀವು ಮುಟ್ಟಿದ್ದು ಒಂದು, ಮನೆಗೆ ಬರುವುದು ಇನ್ನೊಂದು ಆಗಬಾರದು.

ಡ್ರಾಯರ್ ಪೂರ್ತಿ ಎಳೆಯಿರಿ. ಕೊನೆಯವರೆಗೂ ಹೊರಗೆ ಬರುತ್ತದಾ, ಅಥವಾ ಹಿಂದಿನ ಕಾಲು ಭಾಗ ಒಳಗೇ ಉಳಿಯುತ್ತದಾ? ಪೂರ್ತಿ ಎಳೆದಾಗ ಮುಂಭಾಗವನ್ನು ಕೈಯಿಂದ ಸ್ವಲ್ಪ ಒತ್ತಿ, ಅತ್ತಿತ್ತ ಅಲ್ಲಾಡಿಸಿ. ಖಾಲಿ ಡ್ರಾಯರ್ ಯಾವುದಾದರೂ ಸಲೀಸಾಗಿ ಓಡುತ್ತದೆ. ಭಾರ ತುಂಬಿದ ಡ್ರಾಯರ್ ತೋರಿಸಿ ಅನ್ನಿ. ಪಾತ್ರೆ ತುಂಬುವ ಅಗಲದ ಡ್ರಾಯರ್‌ಗೆ 30 ಕೆ.ಜಿ. ಚಾನೆಲ್ ಸಾಲದೆ ಹೋಗಬಹುದು.

ಬಾಗಿಲು ತೆರೆದು ಹಿಂಜ್ ನೋಡಿ. ಬಾಗಿಲಿನಲ್ಲಿ ಕೊರೆದ ಗುಂಡಿ ಸಾಮಾನ್ಯವಾಗಿ 35 ಮಿ.ಮೀ. ಅಗಲದ್ದು. ಅದರ ಸುತ್ತ ಲ್ಯಾಮಿನೇಟ್ ಚಕ್ಕೆ ಎದ್ದಿದ್ದರೆ ಡ್ರಿಲ್ಲಿಂಗ್ ಕೆಲಸ ಒರಟು. ಶೋರೂಮಿನಲ್ಲೇ ಹೀಗಾದರೆ ನಿಮ್ಮ ಮನೆಯಲ್ಲಿ ಇನ್ನೆಷ್ಟೋ! ಬಗ್ಗಿ ಬಾಗಿಲಿನ ಕೆಳಗಿನ ಅಂಚನ್ನು ಬೆರಳಿನಿಂದ ಸವರಿ. ಮೇಲಿನ ಕ್ಯಾಬಿನೆಟ್‌ನ ತಳವನ್ನು ಕೆಳಗಿನಿಂದ ನೋಡಿ. ಯಾರೂ ನೋಡುವುದಿಲ್ಲ ಎಂದು ಬಿಟ್ಟ ಜಾಗಗಳು ಇವೇ.

ಸ್ಟೀಲ್ ಸಿಂಕ್, ಬಾಸ್ಕೆಟ್‌ಗಳ ಬಗ್ಗೆ ಒಂದು ಮಾತು. 304 ದರ್ಜೆಯಲ್ಲಿ ಸುಮಾರು 18% ಕ್ರೋಮಿಯಂ, 8% ನಿಕ್ಕಲ್ ಇರುತ್ತದೆ. ಅಗ್ಗದ 202 ದರ್ಜೆಯಲ್ಲಿ ನಿಕ್ಕಲ್ ಕಡಿಮೆ, ತುಕ್ಕು ಬೇಗ. ಕೆಲವರು ಆಯಸ್ಕಾಂತ ಹಿಡಿದು "ನೋಡಿ, ಅಂಟಲ್ಲ, 304" ಅಂತಾರೆ. ಈ ನಾಟಕಕ್ಕೆ ಮರುಳಾಗಬೇಡಿ. 202ಕ್ಕೂ ಆಯಸ್ಕಾಂತ ಅಂಟುವುದಿಲ್ಲ. ಬಿಲ್‌ನಲ್ಲಿ ದರ್ಜೆ ಬರೆಸಿಕೊಳ್ಳುವುದೇ ದಾರಿ.

ಹಂತ 6: ಹಳೆಯ ಕೆಲಸ, ನಡೆಯುತ್ತಿರುವ ಕೆಲಸ

ಹೋದ ತಿಂಗಳು ಮುಗಿಸಿದ ಕಿಚನ್ ನೋಡಿ ಏನೂ ಗೊತ್ತಾಗುವುದಿಲ್ಲ. ಮೂರರಿಂದ ಐದು ವರ್ಷ ಬಳಸಿದ್ದನ್ನು ತೋರಿಸಿ ಎಂದು ಕೇಳಿ. ಅಂಥ ಗ್ರಾಹಕರ ಮನೆಗೆ ಕರೆದುಕೊಂಡು ಹೋಗಲು ಹಿಂಜರಿಯದವರಿಗೆ ಅರ್ಧ ಮಾರ್ಕ್ ಅಲ್ಲೇ ಕೊಡಬಹುದು. ಹೋದಾಗ ನೋಡಬೇಕಾದ್ದು ಮೂರು ಜಾಗ: ಸಿಂಕ್ ಕೆಳಗಿನ ತಳ, ಒಲೆಯ ಎರಡೂ ಪಕ್ಕದ ಬಾಗಿಲಿನ ಅಂಚು, ದಿನಕ್ಕೆ ಅತಿ ಹೆಚ್ಚು ಸಲ ತೆರೆಯುವ ಡ್ರಾಯರ್.

ಮನೆಯವರನ್ನು "ಚೆನ್ನಾಗಿದೆಯಾ?" ಎಂದು ಕೇಳಬೇಡಿ. ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. "ಏನಾದ್ರೂ ಕೆಟ್ಟಾಗ ಫೋನ್ ಮಾಡಿದ್ರೆ ಎಷ್ಟು ದಿನಕ್ಕೆ ಬಂದ್ರು?" ಎಂದು ಕೇಳಿ. ನಿಜ ಅಲ್ಲಿ ಹೊರಗೆ ಬರುತ್ತದೆ.

ಸಾಧ್ಯವಾದರೆ ವರ್ಕ್‌ಶಾಪಿಗೂ ಹೋಗಿ ಬನ್ನಿ. ಹಲಗೆಗಳನ್ನು ನೆಲದಿಂದ ಎತ್ತರಿಸಿ ಇಟ್ಟಿದ್ದಾರಾ, ಕತ್ತರಿಸಿದ ಅಂಚಿನಲ್ಲಿ ಚಕ್ಕೆ ಎದ್ದಿದೆಯಾ, ನಿಮಗೆ ಹೇಳಿದ ಕಂಪನಿಯ ಹಲಗೆಯೇ ಅಲ್ಲಿದೆಯಾ ನೋಡಿ. ಸುಮ್ನೆ ಹತ್ತು ನಿಮಿಷ ನಿಂತರೂ ಸಾಕು.

ಹಂತ 7: ಅಳತೆ ಮತ್ತು ಡ್ರಾಯಿಂಗ್

ನೀವು ಕೊಟ್ಟ ಅಳತೆ ಕೊಟೇಶನ್‌ಗೆ ಮಾತ್ರ. ಹಲಗೆ ಕತ್ತರಿಸುವ ಅಳತೆಯನ್ನು ಅವರೇ ಬಂದು ತೆಗೆಯಬೇಕು. ಅದೂ ಪ್ಲಾಸ್ಟರ್, ಟೈಲ್ಸ್ ಮುಗಿದ ಮೇಲೆ. ಟೈಲ್ಸ್‌ಗೆ ಮೊದಲೇ ಅಳೆದು ಹೋದರೆ ಟೈಲ್ಸ್ ಮತ್ತು ಗಾರೆಯ ದಪ್ಪ ಸೇರಿ ಬಾಕ್ಸ್ ಒಳಗೆ ಕೂರುವುದಿಲ್ಲ. ಅಳೆಯಲು ಬಂದವರು ಉದ್ದವನ್ನು ಒಂದೇ ಕಡೆ ಹಿಡಿದು ಹೋದರೆ ತಡೆದು ನಿಲ್ಲಿಸಿ. ನೆಲದ ಹತ್ತಿರ, ಕಟ್ಟೆಯ ಮಟ್ಟ, ಮೇಲೆ, ಹೀಗೆ ಮೂರು ಕಡೆ ಅಳೆಯಬೇಕು. ಮೂಲೆ ನಿಜಕ್ಕೂ 90 ಡಿಗ್ರಿ ಇದೆಯಾ ನೋಡಬೇಕು. ಸೊಟ್ಟ ಇಲ್ಲದ ಗೋಡೆ ಅಪರೂಪ.

ತ್ರೀಡಿ ಚಿತ್ರ ಮನೆಯವರಿಗೆ ತೋರಿಸಿ ಖುಷಿಪಡಲು. ನಿಮ್ಮ ಸಹಿ ಬೀಳಬೇಕಾದ್ದು ಅಳತೆ ಇರುವ ಡ್ರಾಯಿಂಗ್ ಮೇಲೆ. ಮೇಲಿನಿಂದ ಕಾಣುವ ಪ್ಲಾನ್, ಪ್ರತಿ ಗೋಡೆಯ ಎದುರು ನೋಟ, ಜೊತೆಗೆ ಪ್ಲಂಬರ್‌ಗೆ ಮತ್ತು ಎಲೆಕ್ಟ್ರಿಷಿಯನ್‌ಗೆ ಬೇರೆ ಬೇರೆ ಹಾಳೆ. ಆ ಹಾಳೆಗಳಲ್ಲಿ ಇವನ್ನು ಪರೀಕ್ಷಿಸಿ: ಎದುರು ಬದುರು ಕಟ್ಟೆ ಇದ್ದರೆ ನಡುವೆ 900ರಿಂದ 1200 ಮಿ.ಮೀ. ಓಡಾಡಲು ಜಾಗ ಇದೆಯಾ? ಚಿಮಣಿ ಒಲೆಯಿಂದ ಎಷ್ಟು ಎತ್ತರದಲ್ಲಿದೆ? ಸಾಮಾನ್ಯವಾಗಿ 650-750 ಮಿ.ಮೀ., ಆದರೆ ಚಿಮಣಿಯ ಕೈಪಿಡಿಯಲ್ಲಿ ಬರೆದ ಅಳತೆಯೇ ಅಂತಿಮ. ಮೂಲೆಯ ಡ್ರಾಯರ್ ಎಳೆದರೆ ಪಕ್ಕದ ಬಾಗಿಲಿನ ಹಿಡಿಗೆ ತಗಲುತ್ತದಾ? ಇದನ್ನು ಮರೆಯುವವರು ಬಹಳ ಜನ.

ಕಲ್ಲಿನ ಅಳತೆಯನ್ನು ಕೆಳಗಿನ ಬಾಕ್ಸ್ ಕೂರಿಸಿದ ಮೇಲೆ ತೆಗೆಯುವುದು ಸರಿಯಾದ ಕ್ರಮ. ಇದರಿಂದ ಕೆಲವು ದಿನ ತಡವಾಗುತ್ತದೆ. ಅದಕ್ಕೆ ತಯಾರಿರಿ. ಕಲ್ಲನ್ನು ಮನೆಯೊಳಗೆ ನೀರು ಹಾಯಿಸದೆ ಕೊಯ್ಯಲು ಮಾತ್ರ ಬಿಡಬೇಡಿ. ಕ್ವಾರ್ಟ್ಜ್ ಎಂದು ಮಾರುವ ಕೃತಕ ಕಲ್ಲಿನಲ್ಲಿ ಸಾಮಾನ್ಯವಾಗಿ 90%ಕ್ಕಿಂತ ಹೆಚ್ಚು ಸಿಲಿಕಾ ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಕುತ್ತು. ಕೆಲಸಗಾರರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತಿದ್ದ ಕಾರಣ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಕಲ್ಲನ್ನೇ ನಿಷೇಧಿಸಿತು. ನೀರು ಹಾಯಿಸಿ, ತಮ್ಮ ಜಾಗದಲ್ಲೇ ಕತ್ತರಿಸಿ ತರುವವರನ್ನು ಆರಿಸಿ. ಅಂದ ಹಾಗೆ, ಈ ಕಲ್ಲಿನಲ್ಲಿ ರಾಳವೂ ಇರುವುದರಿಂದ ಒಲೆಯಿಂದ ಇಳಿಸಿದ ಪಾತ್ರೆಯನ್ನು ನೇರ ಇಟ್ಟರೆ ಕಲೆಯಾಗಬಹುದು, ಬಿರುಕೂ ಬಿಡಬಹುದು. ಗ್ರಾನೈಟ್ ಬಿಸಿಯನ್ನು ಇದಕ್ಕಿಂತ ಚೆನ್ನಾಗಿ ತಡೆಯುತ್ತದೆ.

ಹಂತ 8: ದುಡ್ಡು ಮತ್ತು ವಾರಂಟಿ

"ಇವತ್ತೇ ಬುಕ್ ಮಾಡಿದ್ರೆ ಮಾತ್ರ ಈ ಡಿಸ್ಕೌಂಟ್" ಎಂಬ ಮಾತಿಗೆ ಒಂದೇ ಉತ್ತರ: ಮನೆಗೆ ಹೋಗಿ ಯೋಚಿಸಿ ಹೇಳ್ತೀನಿ. ನಾಳೆ ಅದೇ ಡಿಸ್ಕೌಂಟ್ ಇರುತ್ತದೆ, ನೋಡಿ ಬೇಕಾದರೆ.

ಹಣವನ್ನು ದಿನಾಂಕಕ್ಕಲ್ಲ, ಕೆಲಸಕ್ಕೆ ಕಟ್ಟಿಹಾಕಿ. ಆರ್ಡರ್ ಕೊಡುವಾಗ ಒಂದು ಭಾಗ, ಮಾಲು ಮನೆಗೆ ಬಂದು ನೀವು ನೋಡಿದ ಮೇಲೆ ಒಂದು ಭಾಗ, ಫಿಟ್ಟಿಂಗ್ ಆದ ಮೇಲೆ ಒಂದು ಭಾಗ. ಕೊನೆಯ 10% ಎಲ್ಲ ದೂರುಗಳೂ ಮುಗಿದ ಮೇಲೆ. ಮಾಲು ಬರುವ ಮೊದಲೇ ಪೂರ್ತಿ ಹಣ ಕೇಳುವವರು ಎಷ್ಟೇ ದೊಡ್ಡ ಹೆಸರಿನವರಾದರೂ ನನಗೆ ಒಪ್ಪಿಗೆಯಿಲ್ಲ. ಆಮೇಲೆ ನಿಮ್ಮ ಫೋನ್ ಎತ್ತಲು ಅವರಿಗೆ ಅವಸರವೇ ಇರುವುದಿಲ್ಲ ಅಲ್ವಾ?

"ಹತ್ತು ವರ್ಷ ವಾರಂಟಿ" ಅಂದರೆ ಯಾವುದಕ್ಕೆ? ಹಿಂಜ್‌ಗೆ ಅದನ್ನು ತಯಾರಿಸಿದ ಕಂಪನಿಯ ವಾರಂಟಿ, ಹಲಗೆಗೆ ಹಲಗೆ ಕಂಪನಿಯದ್ದು, ಫಿಟ್ಟಿಂಗ್ ಕೆಲಸಕ್ಕೆ ಸಪ್ಲೈಯರ್‌ದ್ದು. ಮೂರೂ ಬೇರೆ. ನೀರಿನಿಂದ ಉಬ್ಬಿದರೆ ಅನ್ವಯಿಸುವುದಿಲ್ಲ ಎಂಬ ಸಾಲು ಎಲ್ಲೋ ಸಣ್ಣಕ್ಷರದಲ್ಲಿ ಇರುತ್ತದೆ, ಹುಡುಕಿ ಓದಿ. ಹಿಂಜ್ ಉಚಿತವಾಗಿ ಕೊಟ್ಟು ಬದಲಾಯಿಸಲು ಬಂದವರ ಕೂಲಿ ನಿಮ್ಮ ತಲೆಗೆ ಬರುತ್ತದಾ ಎಂದೂ ಕೇಳಿ. ಕೆಲಸ ತಡವಾದರೆ ಏನು ಅನ್ನುವುದೂ ಒಪ್ಪಂದದಲ್ಲಿ ಇರಲಿ.

ಹಂತ 9: ಫಿಟ್ಟಿಂಗ್ ದಿನ

ಒಳ್ಳೆಯ ಹಲಗೆಯನ್ನು ಕೆಟ್ಟ ಫಿಟ್ಟಿಂಗ್ ಒಂದೇ ದಿನದಲ್ಲಿ ಕೆಡಿಸುತ್ತದೆ. ಮಾಲು ಇಳಿಸುವಾಗ ಕೊಟೇಶನ್ ಹಿಡಿದು ನಿಲ್ಲಿ. ಹಲಗೆಯ ಅಚ್ಚು, ಲ್ಯಾಮಿನೇಟ್ ಕೋಡ್, ಹಿಂಜ್ ಮೇಲಿನ ಹೆಸರು ತಾಳೆ ಹಾಕಿ. ಸಿಂಕ್‌ಗೆ, ಪೈಪಿಗೆ, ಪ್ಲಗ್‌ಗೆ ಅಂತ ಮನೆಯಲ್ಲೇ ಕತ್ತರಿಸಿದ ಅಂಚುಗಳಿಗೆ ಸಿಲಿಕೋನ್ ಅಥವಾ ಸೀಲರ್ ಹಚ್ಚಿದರಾ ನೋಡಿ. ಕಾರ್ಖಾನೆಯ ಅಂಚು ಎಷ್ಟೇ ಚೆನ್ನಾಗಿರಲಿ, ನೀರು ನುಗ್ಗುವುದು ಇಲ್ಲಿಂದಲೇ.

ಕೊನೆಗೆ ಕಟ್ಟೆ ಮೇಲೆ ಮಟ್ಟಗೋಲು ಇಡಿಸಿ. ಪ್ರತಿ ಬಾಗಿಲು, ಪ್ರತಿ ಡ್ರಾಯರ್ ತೆರೆದು ಮುಚ್ಚಿ. ಸಿಂಕ್ ತುಂಬ ನೀರು ಹಿಡಿದು ಒಮ್ಮೆಗೇ ಬಿಟ್ಟು, ಕೆಳಗೆ ಟಾರ್ಚ್ ಹಾಕಿ ನೋಡಿ. ಕಂಡ ದೋಷಗಳನ್ನು ಬರೆದು, ದಿನಾಂಕ ಹಾಕಿ, ಇಬ್ಬರೂ ಸಹಿ ಮಾಡಿ. ಅದೇ ಬಣ್ಣದ ಲ್ಯಾಮಿನೇಟ್ ತುಂಡು, ಅಂಚಿನ ಪಟ್ಟಿ ಸ್ವಲ್ಪ, ಒಂದೆರಡು ಹಿಂಜ್ ಕೇಳಿ ಇಟ್ಟುಕೊಳ್ಳಿ. ಕೆಲವು ವರ್ಷ ಕಳೆದರೆ ಆ ಬಣ್ಣ ಮಾರುಕಟ್ಟೆಯಲ್ಲಿ ಸಿಗದೆ ಹೋಗಬಹುದು.

ಭಾರ ತುಂಬಿದ ಮೇಲೆ ಬಾಗಿಲುಗಳು ಒಂದೆರಡು ಮಿ.ಮೀ. ಜಗ್ಗುವುದು ಸಹಜ. ಹಿಂಜ್‌ನ ಸ್ಕ್ರೂ ತಿರುಗಿಸಿ ಸರಿ ಮಾಡುವಷ್ಟೇ ಕೆಲಸ ಅದು. ಮೂರು ತಿಂಗಳ ನಂತರ ಒಮ್ಮೆ ಬಂದು ಎಲ್ಲ ಬಾಗಿಲುಗಳನ್ನೂ ಹೊಂದಿಸಿ ಕೊಡಬೇಕು ಎಂಬ ಸಾಲನ್ನು ಒಪ್ಪಂದದಲ್ಲೇ ಸೇರಿಸಿ, ಮತ್ತು ಆ 10%ರಲ್ಲಿ ಒಂದು ಪಾಲನ್ನು ಆ ದಿನದವರೆಗೆ ಹಿಡಿದಿಡಲು ಮೊದಲೇ ಮಾತಾಡಿಕೊಳ್ಳಿ.